ಏಳನೇ ಮಂಚ

ಬಾ ಫ್ಲೇವಿಯಾ, ಕೀಲಿಕೈ ಮೇಜಿನ ಮೇಲುಂಟು.
ಉಳಿದವರದ್ದೆಲ್ಲ ಪುಸ್ತಕದಲ್ಲಿ ಬರೆದಿದ್ದೇನೆ,
ಏಳನೇ ಮಂಚದ್ದು ಮಾತ್ರ ಬಾಯಲ್ಲಿ ಹೇಳಬೇಕು.

ತನ್ವಿತ್. ಹನ್ನೊಂದು ತಿಂಗಳು, ಏಳೂವರೆ ಕಿಲೋ.
ಮಲ್ಪೆಯಿಂದ ರಿಕ್ಷಾದಲ್ಲಿ ಉಡುಪಿಗೆ,
ರಾತ್ರಿ ಹನ್ನೊಂದು ನಲವತ್ತು.
ನಾಲ್ಕು ದಿನದ ಕೆಮ್ಮು. ಅಂಗಡಿಯ ಕೆಂಪು ಸಿರಪ್ಪು,
ಎದೆಗೆ ಕರ್ಪೂರದ ಎಣ್ಣೆ, ಹಣೆಗೆ ಮಸಿ.
ನಾನು ಯಾರನ್ನೂ ಬೈಯಲಿಲ್ಲ,
ಬೈಯುವಷ್ಟು ಹೊತ್ತಿರಲಿಲ್ಲ.

ಅಂಗಿ ಎತ್ತಿ, ಗಡಿಯಾರ ನೋಡುತ್ತ
ಒಂದು ಇಡೀ ನಿಮಿಷ ಎಣಿಸಿದೆ:
ಅರವತ್ತೆಂಟು.
ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೊಂದು ಗುಂಡಿ,
ಒಳಗಿಂದ ಯಾರೋ ಚರ್ಮ ಹಿಡಿದು ಎಳೆದ ಹಾಗೆ.
ಅಜ್ಜಿ ರಾಜೀವಿ, ನಲವತ್ತು ವರ್ಷ ಬುಟ್ಟಿ ಹೊತ್ತವಳು,
ಅರಳಿ ಮುಚ್ಚುವ ಮೂಗಿನ ಹೊಳ್ಳೆ ತೋರಿಸಿ ಅಂದಳು:
"ದಡಕ್ಕೆ ಬಿದ್ದ ಬಂಗುಡೆ ಹೀಗೇ ಮಾಡುವುದು ಅಮ್ಮ,
ಕಿವಿರು ತೆರೆದು, ಮುಚ್ಚಿ, ತೆರೆದು.
ಎಷ್ಟು ಹೊತ್ತು ಮಾಡ್ತದೆ ಅಂತ ನನಗೆ ಗೊತ್ತುಂಟು."
ನಾನು ಮಾತಾಡಲಿಲ್ಲ.
ಬೆರಳಿಗೆ ಕಚ್ಚಿದ ಕೆಂಪು ದೀಪ ಎಂಬತ್ತೆರಡು ಅಂದಿತು.

ನರ ಸಿಗಲಿಲ್ಲ. ಎರಡೂ ಕೈ ಊದಿಕೊಂಡವು.
ಮೂರನೆಯ ಸಲ ಪಾದದಲ್ಲಿ,
ಮೊಬೈಲಿನ ಬೆಳಕು ಹಿಮ್ಮಡಿಯಡಿ ಹಿಡಿದು.
ಮಗು ಅಳಲಿಲ್ಲ. ಅದೇ ನನಗೆ ಹೆದರಿಕೆ.
ಅಳುವುದಕ್ಕೂ ಗಾಳಿ ಬೇಕು ಮಾರಾಯ್ತಿ.
ಡಾಕ್ಟರ್ ನೌಶೀನ್, ಆ ಮೊದಲ ವರ್ಷದ ಹುಡುಗಿ,
ಮದ್ದಿನ ಲೆಕ್ಕ ಎರಡು ಸಲ ಮಾಡಿದಳು,
ಮೂರನೆಯ ಸಲ ನನ್ನಿಂದ ಮಾಡಿಸಿದಳು.

ಯಂತ್ರ ನಾಲ್ಕನೇ ಮಂಚದಲ್ಲಿ.
ಇನ್ನೊಂದು ರಿಪೇರಿಗೆ ಹೋಗಿ ದೀಪಾವಳಿಯೂ ಕಳೆಯಿತು.
ಹಾಗಾಗಿ ಬಾಟ್ಲಿ: ನೀರು, ಅಂಟುಪಟ್ಟಿಯ ಗೆರೆ,
ಐದು ಸೆಂಟಿಮೀಟರ್ ಮುಳುಗಿದ ಕೊಳವೆ.
ಬಿಟ್ಟ ಉಸಿರು ಆ ನೀರನ್ನು ತಳ್ಳಿಯೇ ಹೊರಗೆ ಹೋಗಬೇಕು,
ಆ ತಳ್ಳಾಟ ಎದೆಯೊಳಗಿನ ಪುಟ್ಟ ಕೋಣೆಗಳ
ಬಾಗಿಲು ಮುಚ್ಚಗೊಡುವುದಿಲ್ಲ.
ಗುಳು ಗುಳು ಗುಳು.
ಅಜ್ಜಿಗೆ ಹೇಳಿದೆ: ಮುಖ ನೋಡಬೇಡಿ, ಬಾಟ್ಲಿ ನೋಡಿ.

ತಾಯಿ ಶೈಲಾ ಒಳಗೇ ಬರಲಿಲ್ಲ.
ಮೆಟ್ಟಿಲ ಮೇಲೆ ಕೂತಿದ್ದಳು,
ಹಾಲು ಕಟ್ಟಿದ ಎದೆಗೆ ಟವೆಲ್ಲು ಒತ್ತಿಕೊಂಡು.

ನಾಲ್ಕು ಹತ್ತು. ನಾನು ಎರಡನೇ ಮಂಚದ ಹತ್ತಿರ, ಕೈಯಲ್ಲಿ ಸೂಜಿ.
ಓಣಿ ಓಣಿಯಲ್ಲಿ ಬೂತಾಯಿ ಮಾರಿದ ಅದೇ ದನಿ
ವಾರ್ಡಿಗೆ ವಾರ್ಡನ್ನೇ ಎಬ್ಬಿಸಿತು:
"ಗುಳ್ಳೆ ನಿಂತಿತು!"
ಓಡಿದೆ. ಮೂಗಿನ ಕೊಳವೆ ಜಾರಿ ಕೆನ್ನೆಗೆ ಅಂಟಿತ್ತು,
ಗಾಳಿಯೆಲ್ಲ ದಿಂಬಿನ ಪಾಲು.
ಎಪ್ಪತ್ತೊಂಬತ್ತು. ಎಪ್ಪತ್ತಾರು.
ಹೋದ ಮಳೆಗಾಲ, ಇದೇ ಮಂಚ...
ಹೆಸರು ಹೇಳುವುದಿಲ್ಲ, ನೀನೂ ಇದ್ದಿ ಆ ದಿನ.
ಬೆರಳು ನಡುಗಿತು. ಕೂಡಿಸಿದೆ. ಪಟ್ಟಿ ಅಂಟಿಸಿದೆ.
ಹಿಂದಿನಿಂದ ಅಜ್ಜಿ ಎಣಿಸುತ್ತಿದ್ದಳು, ಮೀನೆಣಿಸುವ ಹಾಗೆ,
ಒಂಜಿ, ರಡ್ಡ್, ಮೂಜಿ, ನಾಲ್,
ಪತ್ತೊಂಜಿ ಅನ್ನುವಾಗ ನೀರು ಮತ್ತೆ ಮಾತಾಡಿತು.

ಆರಕ್ಕೆ ಐವತ್ತನಾಲ್ಕು ಉಸಿರು, ದೀಪದಲ್ಲಿ ತೊಂಬತ್ತಮೂರು.
ಜ್ವರ ಬಿಟ್ಟಿಲ್ಲ.
ಎಕ್ಸ್-ರೇಯಲ್ಲಿ ಬಲಗಡೆ ಕೆಳಗೆ
ಸುಣ್ಣ ಬಳಿದಷ್ಟು ಬಿಳಿ.
ಆರೂವರೆಗೆ ಅತ್ತ. ದನಿ ಬಿಟ್ಟು, ಸಿಟ್ಟಿನಿಂದ,
ಪಾದದ ಸೂಜಿಯ ಸಾಲವನ್ನೆಲ್ಲ ಆಗ ತೀರಿಸಿದ.
ಶೈಲಾ ಓಡಿ ಬಂದಳು, ಒಂದೇ ಕಾಲಿಗೆ ಚಪ್ಪಲಿ.

ಗೆದ್ದ ಅಂತ ಅವರಿಗೆ ಹೇಳಬೇಡ. ನಾನೂ ಹೇಳಲಿಲ್ಲ.
ಇನ್ನೂ ಎರಡು ಮೂರು ದಿನ ಉಂಟು.
ಬಾಯಿಗೆ ಹಾಲು ಈಗಲೇ ಬೇಡ.
ಆಂಪಿಸಿಲಿನ್ ಹನ್ನೆರಡಕ್ಕೆ, ಜೆಂಟಾ ರಾತ್ರಿಗೆ.
ಅಜ್ಜಿ ಚಾ ಕುಡಿದಿಲ್ಲ, ಬಾಟ್ಲಿ ಬಿಟ್ಟು ಏಳುವುದಿಲ್ಲವಂತೆ.
ಸ್ವಲ್ಪ ಹೊತ್ತು ನಾನು ನೋಡ್ತೇನೆ ಅನ್ನು,
ನಿನ್ನನ್ನಾದರೂ ನಂಬುತ್ತಾಳೋ ಏನೋ.
ಮತ್ತೆ, ನೀರು ಗೆರೆಯಿಂದ ಒಂದು ನೂಲು ಕೆಳಗಿಳಿದಿದೆ.
ಮೊದಲು ಅದನ್ನು ತುಂಬಿಸು.