ಕಾವು

ಅಂಬಾಜಿದುರ್ಗದ ಕಡೆಯಿಂದ ರಾತ್ರಿ ಇಳಿಯುವ ಚಳಿಗೆ
ಹಲ್ಲಿಲ್ಲ, ಬರೀ ಒಸಡು.
ಕಚ್ಚುವುದಿಲ್ಲ, ಚೀಪುತ್ತದೆ.
ಅಕ್ಕ ಹೆತ್ತು ಹನ್ನೊಂದನೇ ದಿನ.
ಅವಳ ಮಂಚದ ಕೆಳಗೆ ಅಗ್ಗಿಷ್ಟಿಕೆ,
ಒಡೆದ ಗುಡಾಣದ ಬುಡ,
ಬುಡದಲ್ಲಿ ಬೂದಿ, ಬೂದಿಯ ಮೇಲೆ ಕೆಂಡ,
ಕೆಂಡದ ಮೇಲೆ ಅಮ್ಮ ಉದುರಿಸುವ ಓಂಕಾಳು, ಬೆಳ್ಳುಳ್ಳಿ ಸಿಪ್ಪೆ.

"ಹೊಗೆ ಹೊಸಿಲು ದಾಟಕೂಡದು. ಕೆಂಡ ಒಂದೇ ಒಳಕ್ಕೆ."

ಹಾಗಾಗಿ ಅಂಗಳದಲ್ಲಿ ಉರಿಸಬೇಕು,
ಉರಿಯುವ ಮುಂಚೆ ಸೀಳಬೇಕು,
ಸೀಳುವವನು ನಾನು.

ಆ ವರ್ಷ ಊರಿಗೆಲ್ಲ ಒಂದೇ ಸೌದೆ.
ನೀಲಗಿರಿ ತೋಪು ಕಿತ್ತ ಜೆಸಿಬಿ
ಗೋಮಾಳದ ಅಂಚಿಗೆ ಗುಡ್ಡೆ ಹಾಕಿ ಹೋದ ಬೊಡ್ಡೆಗಳು.
ಅದರ ಎಳೆ ನೆಟ್ಟಗೆ ಓಡುವುದಿಲ್ಲ,
ನೀರು ಹುಡುಕುತ್ತ ಸುತ್ತಿದ ದಾರಿಯನ್ನೆಲ್ಲ
ಒಳಗೇ ಸುತ್ತಿಟ್ಟುಕೊಂಡಿರುತ್ತದೆ.
ಏಟು ಹಾಕಿದರೆ ಕೊಡಲಿಯನ್ನೇ ಕಚ್ಚಿ ಹಿಡಿದು ಕೂರುತ್ತದೆ,
ಸಾಲ ಕೊಟ್ಟವನ ತೋಳು ಹಿಡಿದ ಹಾಗೆ.

ಮದುವೆಗೆ ಮುಂಚೆ ಚಿಂತಾಮಣಿ ಸಂತೆಗೆ
ಹೊರೆ ಹೊತ್ತವಳು ಅಮ್ಮ.
ಬೊಡ್ಡೆಯ ಸುತ್ತ ಒಂದು ಸುತ್ತು ಬರುತ್ತಾಳೆ,
ಹೆಬ್ಬೆರಳಲ್ಲಿ ತಡವುತ್ತಾಳೆ,
"ಕೊಡಲಿ ನೋಡಬೇಡ್ವೋ, ಬಿರುಕು ನೋಡು.
ಬಿರುಕಿಲ್ಲದ ಕೊರಡಿಲ್ಲ."
ಅಲ್ಲೊಂದು ಬೆಣೆ, ಬೆಣೆಯ ತಲೆಗೆ ಎರಡು ಏಟು.
ಬೊಡ್ಡೆ ಆಕಳಿಸುತ್ತದೆ.

ನೀಲಗಿರಿ ಕೆಂಡ ಒಂದು ಗಳಿಗೆ ಎನ್ನುತ್ತಾಳೆ.
ಹುಣಸೆಯದು ಒಂದು ಜಾವ.
ಜಾಲಿಯದಾದರೆ ಕೋಳಿ ಕೂಗುವ ತನಕ.
ಜಾಲಿ ಎಲ್ಲಿತ್ತು ನಮ್ಮ ಹತ್ತಿರ?

ಅವತ್ತು ಸಂಜೆ ಶಿಡ್ಲಘಟ್ಟದಿಂದ ಭಾವ ಬಂದ,
ಜಗಲಿಯ ಮೇಲೆ ಕೂತು ನನ್ನ ಸೀಳುವಿಕೆ ನೋಡಿದ.
"ನಮ್ಮ ರೀಲಿಂಗ್ ಒಲೆಗೆ ಇಂಥವು
ಎಳೆ ಎಳೆಯಾಗಿ ಬೇಕು ಕಣಯ್ಯ,"
ಎಂದು ನಕ್ಕ. ಅಷ್ಟೇ ಅಂದಿದ್ದು.
ನಾನು ಬಿರುಕು ನೋಡಲಿಲ್ಲ. ಭಾವನನ್ನು ನೋಡಿದೆ.
ತಲೆಯ ಮೇಲಿಂದ ಎತ್ತಿ ಇಳಿಸಿದ ಏಟು
ಬಾಯಿ ದಾಟಿ, ಬೊಡ್ಡೆಯ ಅಂಚಿಗೆ ಕಾವು ಬಡಿದು
ಟಣ್ ಅನ್ನಲಿಲ್ಲ,
ಒಣಗಿದ ಕಬ್ಬು ಮುರಿದ ಹಾಗೆ ಒಂದು ಸದ್ದು.
ಅಂಗೈಯಲ್ಲಿ ಅರ್ಧ ಕೋಲು, ಬೆಟ್ಟಿನಲ್ಲಿ ನೋವು.

ದಿಂಡಿಗದ ಕಾವು ಅದು. ಅಜ್ಜಿಯ ಕಾಲದ್ದು.
ಸಂಕ್ರಾಂತಿಗೊಮ್ಮೆ ಹರಳೆಣ್ಣೆ ಕುಡಿದು
ಮೂವರು ಹೆಂಗಸರ ಅಂಗೈಗೆ ಉಜ್ಜಿ ಉಜ್ಜಿ
ಹಸುವಿನ ಕೊಂಬಿನ ಬಣ್ಣಕ್ಕೆ ತಿರುಗಿತ್ತು.
ಅಮ್ಮ ಬಂದು ನಿಂತಳು.
"ಕೊಡಲಿ ಕಾವು ಕುಲಕ್ಕೆ..."
ಅಂದವಳು ಗಕ್ಕನೆ ನಿಲ್ಲಿಸಿದಳು,
ಬಾಣಂತಿ ಮನೆ,
ಮುಂದಿನ ಮಾತು ಆಡುವಂಥದ್ದಲ್ಲ.

ಭಾವ ಅಂದ, ನಾಳೆ ಹೀಟರ್ ತರ್ತೀನಿ ಅತ್ತೆ.
ಕರೆಂಟ್ ನೀನೇ ತಗೊಂಡು ಬಾಪ್ಪ, ಅಂದಳು ಅಮ್ಮ.

ಎರಡು ತುಂಡನ್ನೂ ಬೆಂಕಿಗಿಟ್ಟಳು.
ಎಣ್ಣೆ ಕುಡಿದ ಮರ ಮೊದಲು ಬೆವರಿತು,
ಆಮೇಲೆ ತೆಳ್ಳಗೆ ಉರಿಯಿತು,
ಹೊಗೆ ಅಷ್ಟಕ್ಕಷ್ಟೆ.
ಇಕ್ಕಳದಲ್ಲಿ ಹಿಡಿದು ನಾನೇ ಒಳಕ್ಕೆ ಒಯ್ದೆ,
ಹೊಸಿಲ ಹತ್ತಿರ ಬಗ್ಗಿ, ಉಸಿರು ಬಿಗಿಹಿಡಿದು.
ಬೆಳಗಿನ ಜಾವ ಎದ್ದು ಬೂದಿ ಕೆದಕಿದರೆ
ಇನ್ನೂ ಕಣ್ಣು ಬಿಟ್ಟುಕೊಂಡಿತ್ತು.
ಅಕ್ಕನ ಪಾದ ಮುಟ್ಟಿ ನೋಡಿದೆ, ಬೆಚ್ಚಗಿತ್ತು.
ಕೂಸಿನದು ಮುಟ್ಟಲು ಧೈರ್ಯ ಬರಲಿಲ್ಲ.

ಮಾರನೆಯ ದಿನ ಬರೀ ತಲೆಯನ್ನು ಚೀಲದಲ್ಲಿಟ್ಟು
ಬ್ರಹ್ಮಯ್ಯಾಚಾರಿಯ ಕುಲುಮೆಗೆ ಹೋದೆ.
ಅವನು ಅದರ ಕಣ್ಣಿನೊಳಗೆ ಬೆರಳಾಡಿಸಿ
ಸಿಕ್ಕಿಕೊಂಡಿದ್ದ ಚೂರು ಬಡಿದು ತೆಗೆದ.
"ಪಿಳ್ಳಕ್ಕನ ಮಗನಲ್ವಾ? ಹಳೇ ಕಾವೆಲ್ಲಿ, ಅಳತೆಗೆ?"
ಮಂಚದ ಕೆಳಗಿದೆ ಅನ್ನಲಾಗಲಿಲ್ಲ.
ಎರಡೂ ಕೈ ಚಾಚಿ ತೋರಿಸಿದೆ, ಇಷ್ಟುದ್ದ.
ಆಚಾರಿ ನನ್ನ ಕೈಗಳ ನಡುವಿನ ಗಾಳಿಯನ್ನು
ಸ್ವಲ್ಪ ಹೊತ್ತು ನೋಡಿದ.
"ಸರಿಯಾಗಿ ತೋರ್ಸೋ," ಅಂದ,
"ಇದು ಕೂಸಿನ ಅಳತೆ."