ಲೆಕ್ಕದವರು ಬರುವ ಹಿಂದಿನ ರಾತ್ರಿ

ಗೌಡರ ಬಾಗಿಲ ಮುಂದೆ ಎತ್ತು ನಿಲ್ಲಿಸಿ,
ಇಳಿಯದೆ, ನೆಲಕ್ಕೆ ಕಾಲು ಊರದೆ,
ನಮ್ಮಪ್ಪ ಹೊನ್ನೂರಪ್ಪ ಗಂಟೆ ಬಾರಿಸುತ್ತಿದ್ದ.
"ನಿಮ್ಮ ಮೂಲ ಇಂಥಾ ಊರು, ಹುಲಿ ಕಾಟಕ್ಕೆ ಬಿಟ್ಟಿರಿ,
ಹಗರಿ ದಾಟಿ ಬಂದವನು ದೊಡ್ಡಬಸಣ್ಣ,
ಅವನಿಗೆ ಮೂವರು, ನಡುವಿನವನಿಗೆ ಇಬ್ಬರು..."
ಹನ್ನೊಂದು ತಲೆ ಒಂದೇ ಉಸಿರಿಗೆ.
ಗೌಡರು ಕಂಬಕ್ಕೆ ಒರಗಿ ಕೇಳುವರು,
ಮುತ್ತಜ್ಜನ ಹೆಸರು ಆಗಷ್ಟೇ ತಿಳಿದವರ ಹಾಗೆ.
ಮೊರದ ತುಂಬ ಜೋಳ. ಮನಸ್ಸಾದರೆ ಒಂದು ಕರು.

ಹಿಂದಿರುಗುವಾಗ ಕೇಳಿದ್ದೆ, ಏಳು ವರ್ಷದವಳು:
ಅಪ್ಪಾ, ನಮ್ಮ ವಂಶ ಯಾರು ಓದ್ತಾರೆ?
ಎತ್ತಿನ ಕೊರಳು ತಟ್ಟಿ ನಕ್ಕಿದ್ದ.
"ದೀಪದ ಬುಡ ಯಾರು ನೋಡ್ತಾರೆ ಮಗಾ."

ಈಗ ಎತ್ತಿಲ್ಲ.
ನಾಲಗೆ ಕಳಚಿದ ಗಂಟೆಯಲ್ಲಿ ಅತ್ತಿಗೆ ಸೂಜಿ ಇಡುತ್ತಾಳೆ.
ರಾಯದುರ್ಗದ ಕೋಟೆಗುಡ್ಡದ ಕೆಳಗೆ
ನಮ್ಮ ಓಣಿಯ ತುಂಬ ಜೀನ್ಸ್ ಹೊಲಿಯುವ ಮಿಷನ್ನು.
ನನ್ನ ಪಾಲಿಗೆ ಚೀಟಿ: ಸೊಂಟದ ಹಿಂದೆ
ಯಾವುದೋ ದೊಡ್ಡ ಹೆಸರು, ಕೆಳಗೆ ಮೂವತ್ತೆರಡು, ಮೂವತ್ತನಾಲ್ಕು.
ಬಟ್ಟೆ ಅದೇ, ಹೊಲಿಗೆ ಅದೇ,
ಚೀಟಿ ತಪ್ಪಿದರೆ ಡಜನ್‌ಗಟ್ಟಲೆ ವಾಪಸು.

ನಾಳೆ ಜಾತಿ ಲೆಕ್ಕದವರು ಬರುತ್ತಾರೆ.
ಅದಕ್ಕೇ ಬೇವಿನ ಕಟ್ಟೆಯಲ್ಲಿ ಜಗಳ.

ಯರ್ರಿಸ್ವಾಮಿ: "ವಂಶರಾಜ ಅಂತ ಬರೆಸ್ರಿ, ಹೆಸರಿಗೊಂದು ಮರ್ಯಾದೆ ಇರ್ಲಿ."
ತಿಪ್ಪೇಶಿ ಚಿಕ್ಕಪ್ಪ: "ಹುಟ್ಟಿದ್ದು ಹೆಳವ, ಸಾಯೋವಾಗ ರಾಜ ಆಗ್ಲಾ?"
ತೆಲುಗು ಮೇಷ್ಟ್ರು ಸರ್ಟಿಫಿಕೇಟಿನಲ್ಲಿ ಬರೆದದ್ದು ಇನ್ನೊಂದು,
ಭಿಕ್ಷೆಯ ವಾಸನೆ ಹೊತ್ತದ್ದು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.
"ಏನೂ ಬರೆಸ್ಬ್ಯಾಡ್ರಿ," ಕತ್ತಲಿಂದ ಪಾಲಕ್ಕ,
"ಮಗಳಿಗೆ ಸಂಬಂಧ ಕೂಡೋ ಹೊತ್ತು."
ಇನ್ನು ಗಂಗಪ್ಪ. ಕಳೆದ ಸಲ ಗೌಡರ ಜಾತಿಯನ್ನೇ ಬರೆಸಿ ಬಂದಿದ್ದ,
ಅವರ ಹನ್ನೊಂದು ತಲೆ ಅವನಿಗೂ ಬಾಯಿಪಾಠವಿತ್ತಲ್ಲ!

ಹಾಗೆ, ಐವತ್ತೊಂದು ಒಲೆಯ ಓಣಿ
ಕಾಗದದ ಮೇಲೆ ಪುಡಿಪುಡಿಯಾಯ್ತು:
ಹದಿನೇಳು, ಹದಿನಾಲ್ಕು, ಎಂಟು,
ಉಳಿದ ಹನ್ನೆರಡು 'ಇತರೆ'.
ಇತರೆ ಅಂದರೆ ಯಾವ ಊರು? ಅವರ ಮೂಲಪುರುಷ ಯಾರು?
ಅಪ್ಪ ಇದ್ದಿದ್ದರೆ ಕೇಳುತ್ತಿದ್ದ.
ಹಾಸ್ಟೆಲ್ ಸೀಟಿಗೆ ಹೋದ ತಮ್ಮನ ಮಗಳಿಗೆ
ಕಚೇರಿಯಾತ ಪಟ್ಟಿಯ ಮೇಲೆ ಬೆರಳಾಡಿಸಿ ಕೇಳಿದನಂತೆ:
"ಈ ಹೆಸರಿನವರು ಇಲ್ಲಿ ಇದ್ದಾರೇನಮ್ಮಾ?"
ಎದುರಿಗೇ ನಿಂತಿದ್ದಳು ಹುಡುಗಿ, ಹವಾಯಿ ಚಪ್ಪಲಿಯಲ್ಲಿ.

ನಾನು ಸಭೆಯಲ್ಲಿ ಮಾತಾಡುವವಳಲ್ಲ.
ಅಟ್ಟದಿಂದ ಅಪ್ಪನ ಹೊತ್ತಿಗೆ ತಂದು ಕಟ್ಟೆಯ ಮೇಲಿಟ್ಟೆ,
ಕೆಂಪು ಬಟ್ಟೆ ಬಿಚ್ಚಿದೆ.
"ಇದರಾಗೆ ನಾನೂರು ಮನೆತನ ಅವೆ. ನಮ್ಮದು ಯಾವ ಪುಟ, ತೋರಿಸ್ರಿ.
ಹೆಣ್ಣು ಬರೆಯೋ ಪದ್ಧತಿ ಇಲ್ಲ ಅಂತ ಅಪ್ಪ ಯಾರ ಮನೆ ಹೆಣ್ಣನ್ನೂ ಬರೀಲಿಲ್ಲ.
ಅಪ್ಪನ್ನ ಯಾರೂ ಬರೀಲಿಲ್ಲ.
ನಾಳೆ ಬರೋ ಹುಡುಗ ಸುಂಕಮ್ಮ ಅಂತ ನನ್ನನ್ನೂ ಬರೀತಾನೆ,
ಸೊಸೆಯನ್ನೂ, ತೊಟ್ಟಿಲ ಕೂಸನ್ನೂ.
ಕೋಳಿ ಕೂಗೋ ತನಕ ಜಗಳ ಆಡ್ರಿ, ಬ್ಯಾಡ ಅನ್ನಲ್ಲ.
ಬಾಗಿಲು ತಟ್ಟೋ ಹೊತ್ತಿಗೆ
ಐವತ್ತೊಂದು ಬಾಯಲ್ಲಿ ಒಂದೇ ಹೆಸರು ಬರ್ಲಿ.
ಊರಿನ ಲೆಕ್ಕ ತಪ್ಪದೆ ಹೇಳಿದವರು
ನಮ್ಮದನ್ನ ನಾವೇ ತಪ್ಪಿಸ್ತೀವಲ್ಲ."

ಯಾರೂ ಹೂಂ ಅನ್ನಲಿಲ್ಲ.
ಚಿಕ್ಕಪ್ಪ ಬೀಡಿ ನಂದಿಸಿದ.
ಬಹಳ ಹೊತ್ತಾದ ಮೇಲೆ ಯರ್ರಿಸ್ವಾಮಿ, ನೆಲ ನೋಡುತ್ತ:
"ಹೆಳವ ಅಂತಲೇ ಆಗ್ಲಿ. ಆದ್ರೆ ಬರೆಯೋರ ಪಕ್ಕ ನಾನು ಕೂತ್ಕತೀನಿ.
'ಳ' ಬದಲು 'ಲ' ಬರೆದ್ರೆ ಅದೂ ಬೇರೆ ಜಾತಿ ಆಗಿಬಿಡ್ತದೆ."
ಪಾಲಕ್ಕನೂ ನಕ್ಕಳು.

ಬೆಳಗಿನ ಜಾವ ಎದ್ದರೆ,
ಅತ್ತಿಗೆ ಗಂಟೆಯೊಳಗಿನ ಸೂಜಿ ಸುರಿದು
ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು.
ಯಾಕೆ ಅಂತ ನಾನು ಕೇಳಲಿಲ್ಲ.