ಲಾವಾದ ಬಕೆಟ್ಟು

ಬ್ಯಾಲರಾಟಿನಲ್ಲಿ ಜುಲೈ ಎಂದರೆ
ಕಾರಿನ ಗಾಜಿಗೆ ಹೆಪ್ಪುಗಟ್ಟಿದ ಇಬ್ಬನಿಯನ್ನು
ಲೈಬ್ರರಿ ಕಾರ್ಡಿನಿಂದ ಕೆರೆಯುವ ತಿಂಗಳು.
ಬೇಕರಿಯ ಪಾಳಿ ಬೆಳಗಿನ ಮೂರಕ್ಕೆ.
ಅದಕ್ಕೂ ಮುಂಚಿನ ನಿದ್ದೆಗೆಟ್ಟ ಹೊತ್ತಲ್ಲಿ
ಹೀಟರಿಗೆ ಕಾಲೊಡ್ಡಿ
ಊರು ಕಟ್ಟುತ್ತಿದ್ದೆ.

ಚೌಕದ ಕಲ್ಲು, ಚೌಕದ ಮಣ್ಣು,
ಚಂದ್ರನೂ ಅಲ್ಲಿ ಚೌಕವೇ.
ಹನ್ನೊಂದು ವಾರ, ನಾನು ಮತ್ತು ಲೀತ್.
ಅರಾರಟ್ಟಿನಲ್ಲಿ ರೈಲಿನ ಸಿಗ್ನಲ್ ರಿಪೇರಿಯವನು;
ಮುಖ ಕಂಡಿಲ್ಲ, ಕೆಮ್ಮು ಗೊತ್ತು.
ಅವನು ಸೇತುವೆ ಕಟ್ಟಿದ.
ನಾನು ಬಾವಿ ತೋಡಿದೆ, ಬಾವಿಗೊಂದು ಕಟ್ಟೆ,
ಯಾರಿಗೂ ಕೂರಲು ಬಾರದ ಆ ಲೋಕದಲ್ಲಿ
ಇಬ್ಬರು ಕೂರುವಷ್ಟು ಅಗಲ.

ಮೈಕು ಹಚ್ಚುತ್ತಿರಲಿಲ್ಲ ನಾನು.
ಮೊದಲ ವಾರ ಒಮ್ಮೆ ಹಚ್ಚಿದ್ದೆ,
ಇಲ್ಲಿಗೊಂದು ಏಣಿ ಬೇಕಾ, ಎಂದದ್ದಷ್ಟೇ.
ಹೆಣ್ಣುದನಿ ಎಂದು ಗೊತ್ತಾದದ್ದೇ ತಡ
ಒಬ್ಬ ರೇಟು ಕೇಳಿದ.
ಇನ್ನೊಬ್ಬ ನನ್ನ ಉಚ್ಚಾರಣೆಯನ್ನು
ನಾಯಿ ಮೂಳೆ ಕಚ್ಚಿದಂತೆ ಕಚ್ಚಿಕೊಂಡು
ಅರ್ಧ ಗಂಟೆ ಬಿಡಲಿಲ್ಲ.
ಅಂದಿನಿಂದ ನಾನು ಟೈಪು ಮಾಡುವ ಗಂಡಸು.
ಹೆಸರು: ಗ್ರಾವೆಲ್ ೪೧.

ಶನಿವಾರ ರಾತ್ರಿ ಬಂದರು, ಐದು ಜನ.
ಸೇತುವೆಯ ಮೇಲಿಂದ ಮೊದಲ ಬಕೆಟ್ಟು.
ಕೆಂಪು ನಿಧಾನವಾಗಿ ಇಳಿಯಿತು, ಅವಸರವೇ ಇಲ್ಲ,
ಹಾಲು ಉಕ್ಕುವುದನ್ನು ದೂರದಿಂದ ನೋಡಿದ ಹಾಗೆ.
ಮರದ ಮಾಡು, ಮಾಡಿನಿಂದ ಮಾಡಿಗೆ.
ಒಬ್ಬ ನಗುತ್ತಲೇ ನಮ್ಮ ಪೆಟ್ಟಿಗೆಗಳನ್ನು ತೆರೆದು
ಕಬ್ಬಿಣ, ರೊಟ್ಟಿ, ಟಾರ್ಚು ಬಾಚಿಕೊಂಡ.
ಬೆಂಕಿ ಬಿದ್ದ ಮನೆಯಲ್ಲಿ ಗಳ ಹಿರಿಯುವುದು
ಗಾದೆಯೆಂದುಕೊಂಡಿದ್ದೆ.

ಲೀತ್ ಕೆಮ್ಮಿದ. ಏನೋ ಹೇಳಲು ಬಾಯಿ ತೆರೆದ,
ಮತ್ತೆ ಕೆಮ್ಮಿದ.
ಆಮೇಲೆ ಅವನ ಹೆಸರು ಬೂದಿಬಣ್ಣಕ್ಕೆ ತಿರುಗಿತು.
ಅಳಬೇಡ ಮುದುಕಾ, ಆಟ ತಾನೆ, ಎಂದಿತು ಒಂದು ದನಿ,
ಇನ್ನೂ ಒಡೆದಿರದ, ಎಳೆಯ ದನಿ.

ಭಾನುವಾರ ಸರ್ವರಿನವರು ಬೀಗ ಹಾಕಿದರು.
ಕೋಟೆ ಕೊಳ್ಳೆ ಹೋದ ಮೇಲಿನ ದಿಡ್ಡಿ ಬಾಗಿಲು.
ಲೀತ್ ಬರಲಿಲ್ಲ. ಸೋಮವಾರವೂ.
ಅವನ ಫೋನು ನಂಬರು ಕೇಳಿಟ್ಟುಕೊಂಡಿರಲಿಲ್ಲ;
ಕೇಳಿದ್ದರೆ ಮಾತಾಡಬೇಕಾಗುತ್ತಿತ್ತಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನಾನು ಒಳ್ಳೆಯವಳು.

ಬುಧವಾರ ಬೇರೆ ಸರ್ವರು, ಬೇರೆ ಹೆಸರು.
ಸುಮ್ಮನೆ ಅಲೆಯುತ್ತ ಒಂದು ಗುಡ್ಡ ಹತ್ತಿದೆ.
ಕೆಳಗೆ ಗೋಧಿಯ ಹೊಲ, ಸೊಟ್ಟ ಬೇಲಿ,
ಹುಲ್ಲಿನ ಮಾಡಿನ ಲಾಯ, ಎರಡು ಕುದುರೆ.
ಒಂದರ ತಲೆ ಮೇಲೆ ಹೆಸರು ತೇಲುತ್ತಿತ್ತು: ಬಿಸ್ಕತ್ತು.
ಬಾಗಿಲಿಗೆ ಹಲಗೆ:
ದಯವಿಟು ಒಡೆಯಬೇಡಿ ಇದು ನನ್ನ ತಂಗಿ ಕಟಿದ್ದು.

ಆ ಕಾಗುಣಿತದ ತಪ್ಪನ್ನು ನೋಡಿದೆ.
ನೋಡಿಯೂ
ಬಕೆಟ್ಟು ಬಗ್ಗಿಸಿದೆ.

ಸುಳ್ಳು ಹೇಳಲಾರೆ. ಚೆನ್ನಾಗಿತ್ತು.
ನಾಲ್ಕು ದಿನದಿಂದ ಎದೆಯಲ್ಲಿ ಮರಗಟ್ಟಿದ್ದೇನೋ
ಕರಗಿ ಬೆರಳಿನವರೆಗೆ ಬೆಚ್ಚಗೆ ಹರಿಯಿತು.
ಬಿಸ್ಕತ್ತು ಬೇಲಿಯ ಮೂಲೆಗೆ ಓಡಿ
ಅಲ್ಲೇ ತಿರುಗಿ, ತಿರುಗಿ,
ಅಷ್ಟೆ.

ಪರದೆಯ ಅಂಚಿನಲ್ಲಿ ಒಂದು ಪದ ಮೂಡಿತು: ಯಾಕೆ
ಪ್ರಶ್ನೆ ಚಿಹ್ನೆಯೂ ಇಲ್ಲ.
ನನ್ನ ಬೆರಳು ಟೈಪು ಮಾಡಿತು: ಆಟ ತಾನೆ.

ಮೂರಕ್ಕೆ ಒಲೆಯ ಬಾಗಿಲು ತೆರೆದೆ.
ಬಿಸಿ ಮುಖಕ್ಕೆ ಬಡಿದು ಒಂದು ಹೆಜ್ಜೆ ಹಿಂದೆ ಸರಿದೆ.
ಹನ್ನೆರಡು ವರ್ಷದಲ್ಲಿ ಸರಿದಿರಲಿಲ್ಲ.

ಎಂಟೂವರೆಗೆ ಹಸಿರು ಸ್ವೆಟರಿನ ಹುಡುಗನೊಬ್ಬ ಬಂದ,
ಮೂಗು ಸುರಿಯುತ್ತಿತ್ತು, ಕಣ್ಣಲ್ಲಿ ನಿದ್ದೆ ಇರಲಿಲ್ಲ.
ಎರಡು ಬನ್ನು, ಒಂದು ನನಗೆ, ಒಂದು ತಂಗಿಗೆ, ಎಂದ.
ಊರಲ್ಲಿ ತಂಗಿ ಇರುವ ಹುಡುಗರು ಸಾವಿರ.
ಎಳೆಯ ದನಿಯವರೂ ಸಾವಿರ.
ಆ ಐವರಲ್ಲಿ ಒಬ್ಬನೋ,
ಯಾಕೆ ಎಂದವನೋ,
ಎರಡೂ ಹೌದೋ.
ಚಿಲ್ಲರೆ ಎಣಿಸಿ ಕೊಟ್ಟೆ, ಬೆರಳ ತುಂಬ ಹಿಟ್ಟು.
ಥ್ಯಾಂಕ್ಸ್ ಎಂದು ನಿಂತ, ನಾನೇನೋ ಹೇಳುವೆನೆಂದು.
ಮೈಕು ಆರಿಸಿದವಳ ಹಾಗೆ
ಬಾಯಿ ಮಾತ್ರ ಆಡಿತು.